ಉತ್ತರ ಕನ್ನಡದಲ್ಲಿ ಫುಟ್‌ಬಾಲ್ ತರಬೇತುದಾರರಾಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಶಿರಸಿ, ಹಳಿಯಾಳ, ಮುಂಡಗೋಡ ಕಡೆಯ ಯುವಕ ಯುವತಿಯರು, ಅವರ ಹೆತ್ತವರು ಮತ್ತು ಶಾಲೆಗಳ ದೈಹಿಕ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆಯಲಾಗಿದೆ. ಕೋರ್ಸುಗಳ ಶುಲ್ಕ ಮತ್ತು ದಿನಾಂಕಗಳು ಆಗಾಗ ಬದಲಾಗುವುದರಿಂದ ಅವುಗಳನ್ನು ಕೊಟ್ಟಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ (ಎಐಎಫ್‌ಎಫ್) ಮತ್ತು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ (ಕೆಎಸ್‌ಎಫ್‌ಎ) ಹೊರಡಿಸುವ ಪ್ರಕಟಣೆಗಳನ್ನೇ ಅದಕ್ಕಾಗಿ ನೋಡಬೇಕು.

ನಾನು ದೊಡ್ಡ ಮಟ್ಟದಲ್ಲಿ ಆಡಿದವನಲ್ಲ. ಕಾಲೇಜು ತಂಡದಲ್ಲಿ ಆಡಿದ್ದೇ ಹೆಚ್ಚು. ತರಬೇತುದಾರನಾಗಬಹುದೇ?

ಆಗಬಹುದು. ಭಾರತೀಯ ಫುಟ್‌ಬಾಲಿನ ಅತಿ ದೊಡ್ಡ ತರಬೇತುದಾರರೆಂದು ಇಂದಿಗೂ ನೆನೆಯಲಾಗುವ ಸೈಯದ್ ಅಬ್ದುಲ್ ರಹೀಮ್ ಅವರು ಹೈದರಾಬಾದಿನಲ್ಲಿ ಶಾಲಾ ಶಿಕ್ಷಕರಾಗಿದ್ದವರು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತ ಚಿನ್ನ ಗೆದ್ದದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದದ್ದು ಅವರ ಮಾರ್ಗದರ್ಶನದಲ್ಲಿಯೇ. ಇಟಲಿಯ ಅರಿಗೊ ಸಾಕಿ ವೃತ್ತಿಪರ ಆಟಗಾರರಾಗಿರಲೇ ಇಲ್ಲ; ಜರ್ಮನಿಯ ಜೂಲಿಯನ್ ನಾಗಲ್ಸ್‌ಮನ್ ಗಾಯದಿಂದ ಬಹಳ ಬೇಗ ಆಟ ಬಿಟ್ಟು, 2016ರಲ್ಲಿ ತಮ್ಮ 28ನೆಯ ವಯಸ್ಸಿನಲ್ಲಿಯೇ ಹಾಫನ್‌ಹೈಮ್ ಕ್ಲಬ್ಬಿನ ಮುಖ್ಯ ತರಬೇತುದಾರರಾದರು.

ಆದರೂ ಇದರ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ದೊಡ್ಡ ಕ್ಲಬ್ಬುಗಳಲ್ಲಿ ಆಡಿದವರಿಗೆ ಮೊದಲ ಬಾಗಿಲು ಸುಲಭವಾಗಿ ತೆರೆಯುತ್ತದೆ, ಉಳಿದವರು ಹೆಚ್ಚು ವರ್ಷ ಕೆಳಗಿನ ಮಟ್ಟದಲ್ಲಿ ದುಡಿಯಬೇಕಾಗುತ್ತದೆ. ನೀವು ಚೆಂಡನ್ನು ಸರಿಯಾಗಿ ನಿಲ್ಲಿಸಿ, ಸರಿಯಾಗಿ ಪಾಸ್ ಮಾಡಿ ಮಕ್ಕಳಿಗೆ ತೋರಿಸಬಲ್ಲಿರಾದರೆ ಪ್ರಾರಂಭಕ್ಕೆ ಬೇಕಾದಷ್ಟು ಆಟ ನಿಮ್ಮಲ್ಲಿದೆ.

ಮೊದಲು ಲೈಸೆನ್ಸ್ ಪಡೆಯಬೇಕೇ, ಮೊದಲು ಮಕ್ಕಳನ್ನು ಸೇರಿಸಬೇಕೇ?

ಮೊದಲು ಮಕ್ಕಳು. ಈ ಪುಟದಲ್ಲಿ ಒಂದೇ ಒಂದು ಸಲಹೆಯನ್ನು ಉಳಿಸಿಕೊಳ್ಳಬೇಕೆಂದರೆ ಇದನ್ನೇ ಉಳಿಸಿಕೊಳ್ಳಿ ಎಂದು ಹೇಳುತ್ತೇನೆ. ನಮ್ಮ ಜಿಲ್ಲೆಯ ಅನೇಕ ಯುವಕರು ಹಣ ಹೊಂದಿಸಿ, ರಜೆ ಹಾಕಿ, ಬೆಂಗಳೂರಿಗೆ ಹೋಗಿ ಕೋರ್ಸು ಮುಗಿಸಿ ಬರುತ್ತಾರೆ. ಬಂದ ಮೇಲೆ ತರಬೇತಿ ಕೊಡಲು ಅವರ ಮುಂದೆ ಒಂದು ಗುಂಪೇ ಇರುವುದಿಲ್ಲ. ಕಲಿತದ್ದು ಕೆಲವೇ ತಿಂಗಳಲ್ಲಿ ಮರೆತುಹೋಗುತ್ತದೆ, ಪ್ರಮಾಣಪತ್ರ ಕಪಾಟಿನಲ್ಲಿ ಉಳಿಯುತ್ತದೆ. ಇದಕ್ಕೆ ಬದಲಾಗಿ, ನಿಮ್ಮ ಊರಿನ ಶಾಲೆಯ ಹತ್ತು ಹನ್ನೆರಡು ಮಕ್ಕಳನ್ನು ವಾರಕ್ಕೆ ಎರಡು ಅಥವಾ ಮೂರು ಸಂಜೆ ಸೇರಿಸಿ ಒಂದು ವರ್ಷ ಆಡಿಸಿದವರು ಕೋರ್ಸಿಗೆ ಹೋದಾಗ, ಅಲ್ಲಿ ಕೇಳುವ ಪ್ರತಿಯೊಂದು ಮಾತೂ ಅವರಿಗೆ ಯಾವುದೋ ಒಂದು ಮಗುವಿನ ಮುಖದೊಂದಿಗೆ ಹೊಂದಿಕೊಳ್ಳುತ್ತದೆ.

ಶಾಲೆಯ ಮುಖ್ಯಾಧ್ಯಾಪಕರಿಗೆ ಒಂದು ಮನವಿ ಬರೆದುಕೊಡಿ, ಶಾಲೆಯ ಪಿ.ಟಿ. ಮಾಸ್ತರರನ್ನು ಜೊತೆಗೆ ಸೇರಿಸಿಕೊಳ್ಳಿ, ಪ್ರತಿಯೊಬ್ಬ ಮಗುವಿನ ಹೆತ್ತವರಿಂದ ಒಪ್ಪಿಗೆಯ ಸಹಿ ಪಡೆಯಿರಿ. ಒಂದು ನೋಟ್‌ಬುಕ್ ಇಟ್ಟು ಹಾಜರಾತಿ, ಅಂದು ಮಾಡಿಸಿದ ಅಭ್ಯಾಸ, ಯಾವುದು ಕೈಗೂಡಿತು, ಯಾವುದು ಕೈಗೂಡಲಿಲ್ಲ ಎಂಬುದನ್ನು ಅದೇ ದಿನ ರಾತ್ರಿ ಬರೆದಿಡಿ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಈ ನೋಟ್‌ಬುಕ್ ನಿಮ್ಮ ಪರವಾಗಿ ಮಾತನಾಡುತ್ತದೆ.

ಲೈಸೆನ್ಸ್‌ಗಳ ಕ್ರಮ ಹೇಗಿದೆ?

ಕೆಳಗಿನಿಂದ ಮೇಲಕ್ಕೆ ಇ, ಡಿ, ಸಿ, ಬಿ, ಎ ಮತ್ತು ಪ್ರೊ ಎಂಬ ಮೆಟ್ಟಿಲುಗಳಿವೆ. ಇ ಮತ್ತು ಡಿ ಮಟ್ಟಗಳನ್ನು ಎಐಎಫ್‌ಎಫ್ ತನ್ನ ಹೆಸರಿನಲ್ಲಿ ಕೊಡುತ್ತದೆ; ಸಿ ಮಟ್ಟದಿಂದ ಮೇಲಿನವು ಏಷ್ಯನ್ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ಲೈಸೆನ್ಸ್‌ಗಳು. ಇ ಎಂಬುದು ಚಿಕ್ಕ ಮಕ್ಕಳೊಂದಿಗೆ ಆಟವಾಡಿಸುವವರಿಗೆ ಕೊಡುವ ಪರಿಚಯದ ಕೋರ್ಸು. ಡಿ ಕೋರ್ಸಿಗೆ ಸೇರಲು 18 ವರ್ಷ ತುಂಬಿರಬೇಕು, ಅದು ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ಸಿ ಮಟ್ಟದಿಂದ ಮುಂದೆ ಕೋರ್ಸು ಕಂತುಗಳಲ್ಲಿ ನಡೆಯುತ್ತದೆ. ನಡುವಿನ ಅವಧಿಯಲ್ಲಿ ನೀವು ನಿಮ್ಮ ತಂಡದೊಂದಿಗೆ ಕೆಲಸ ಮಾಡಿ, ಅದರ ದಾಖಲೆಯೊಂದಿಗೆ ಮರಳಬೇಕು. ಪ್ರೊ ಲೈಸೆನ್ಸ್ ಎಲ್ಲಕ್ಕಿಂತ ಮೇಲಿನದು. ಇಂಡಿಯನ್ ಸೂಪರ್ ಲೀಗ್ ಕ್ಲಬ್ಬಿನ ಮುಖ್ಯ ತರಬೇತುದಾರನಾಗಲು ಅದೇ ಬೇಕು.

ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ನಿಗದಿತ ಕಾಲದ ಅನುಭವವನ್ನು ತೋರಿಸಬೇಕಾಗುತ್ತದೆ. ಈ ನಿಯಮವನ್ನು ಅಡ್ಡಿಯೆಂದು ಭಾವಿಸುವವರಿದ್ದಾರೆ, ಆದರೆ ಅದು ನಿಮ್ಮ ರಕ್ಷಣೆಗೇ ಇದೆ: ಹದಿನೈದು ವರ್ಷದ ಹುಡುಗರನ್ನು ಒಂದು ಋತುವಿಡೀ ನಡೆಸಿದ ಅನುಭವವಿಲ್ಲದೆ ಬಿ ಕೋರ್ಸಿನಲ್ಲಿ ಕುಳಿತವನಿಗೆ ಅಲ್ಲಿನ ಚರ್ಚೆ ಅರ್ಥವಾಗುವುದಿಲ್ಲ. ಪಡೆದ ಲೈಸೆನ್ಸ್‌ಗಳನ್ನು ಕಾಲಕಾಲಕ್ಕೆ ನವೀಕರಿಸಬೇಕೆಂಬುದನ್ನೂ ಮರೆಯಬಾರದು.

ಕೋರ್ಸಿನಲ್ಲಿ ಏನು ನಡೆಯುತ್ತದೆ? ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ.

ಡಿ ಕೋರ್ಸಿನ ಅರ್ಧ ಭಾಗ ತರಗತಿಯಲ್ಲಿ, ಉಳಿದರ್ಧ ಮೈದಾನದಲ್ಲಿ ನಡೆಯುತ್ತದೆಂದು ತಿಳಿದುಕೊಂಡರೆ ಸಾಕು. ಮೈದಾನದಲ್ಲಿ ಸಹಪಾಠಿಗಳೇ ಆಟಗಾರರಾಗುತ್ತಾರೆ, ಸರದಿಯಂತೆ ಒಬ್ಬೊಬ್ಬರೂ ಒಂದು ಅಭ್ಯಾಸವನ್ನು ನಡೆಸಬೇಕು, ಬೋಧಕರು ಅದನ್ನು ನೋಡಿ ತಿದ್ದುತ್ತಾರೆ. ಹೀಗಾಗಿ ನಿಮ್ಮ ದೇಹ ಆ ವಾರ ಪೂರ್ತಿ ಓಡುವಷ್ಟು ಸಿದ್ಧವಾಗಿರಬೇಕು.

ಬೋಧನೆ ಮತ್ತು ಬರವಣಿಗೆಯ ಸಾಮಗ್ರಿ ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹೆದರಿ ಹಿಂದೆ ಸರಿಯುವುದು ನಿಜಕ್ಕೂ ದುಃಖದ ಸಂಗತಿ, ಏಕೆಂದರೆ ಫುಟ್‌ಬಾಲ್ ತರಬೇತಿಯಲ್ಲಿ ಬಳಕೆಯಾಗುವ ಇಂಗ್ಲಿಷ್ ಪದಗಳು ಕೆಲವೇ ನೂರು. ಕೋರ್ಸಿಗೆ ಮೂರು ತಿಂಗಳ ಮೊದಲೇ ಫಿಫಾ ಸಂಸ್ಥೆಯ ತರಬೇತಿ ಜಾಲತಾಣದಲ್ಲಿ ಉಚಿತವಾಗಿ ಸಿಗುವ ವಿಡಿಯೊಗಳನ್ನು ದಿನಕ್ಕೊಂದರಂತೆ ನೋಡಿ, ಕೇಳಿದ ಪದಗಳನ್ನು ಬರೆದುಕೊಳ್ಳಿ. ಮಕ್ಕಳ ಮುಂದೆ ಮಾತ್ರ ಅವರ ಮನೆಮಾತಿಗೆ ಹತ್ತಿರವಾಗಿ ಮಾತನಾಡಿ. ಮಾಜಾಳಿ, ಸದಾಶಿವಗಡದ ಮಗುವಿಗೆ ಕೊಂಕಣಿಯಲ್ಲಿ, ಶಿರಸಿ ಸೀಮೆಯ ಮಗುವಿಗೆ ಕನ್ನಡದಲ್ಲಿ ಹೇಳಿದ ಸೂಚನೆ ಬೇಗ ಕಾಲಿಗಿಳಿಯುತ್ತದೆ.

ಬಿ.ಪಿ.ಎಡ್. ಮಾಡಬೇಕೇ, ಎನ್‌ಐಎಸ್ ಡಿಪ್ಲೊಮಾ ಮಾಡಬೇಕೇ, ಅಥವಾ ಲೈಸೆನ್ಸ್ ಸಾಕೇ?

ಈ ಮೂರೂ ಬೇರೆ ಬೇರೆ ಬಾಗಿಲುಗಳಿಗೆ ಬೇರೆ ಬೇರೆ ಕೀಲಿಗಳು. ಪ್ರೌಢಶಾಲೆಯ ದೈಹಿಕ ಶಿಕ್ಷಕರಾಗಬೇಕೆಂದರೆ ಪದವಿಯ ನಂತರ ಎರಡು ವರ್ಷದ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಬೇಕು, ನಮ್ಮ ಜಿಲ್ಲೆಯವರಿಗೆ ಹತ್ತಿರದ ದೊಡ್ಡ ಕೇಂದ್ರವೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಲು ಎಂ.ಪಿ.ಎಡ್. (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಮತ್ತು ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಎಂಬ ಅಧ್ಯಾಪಕ ಪರೀಕ್ಷೆಯ ಅರ್ಹತೆ ಬೇಕಾಗುತ್ತದೆ. ಭಾರತೀಯ ಕ್ರೀಡಾ ಪ್ರಾಧಿಕಾರ ಮತ್ತು ಸರ್ಕಾರಿ ಕ್ರೀಡಾ ಇಲಾಖೆಗಳ ತರಬೇತುದಾರ ಹುದ್ದೆಗಳಿಗೆ ಸಾಮಾನ್ಯವಾಗಿ ಪಟಿಯಾಲದಲ್ಲಿ 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಒಂದು ವರ್ಷದ ಡಿಪ್ಲೊಮಾವನ್ನು ಕೇಳುತ್ತಾರೆ. ಅದೇ ಸಂಸ್ಥೆ ಆರು ವಾರಗಳ ಪ್ರಮಾಣಪತ್ರ ಕೋರ್ಸನ್ನೂ ನಡೆಸುತ್ತದೆ, ಆದರೆ ಡಿಪ್ಲೊಮಾ ಕೇಳುವ ಹುದ್ದೆಗೆ ಅದು ಸಾಲುವುದಿಲ್ಲ. ಕ್ಲಬ್ಬು ಮತ್ತು ಅಕಾಡೆಮಿಗಳು ಮಾತ್ರ ಮೊದಲು ನೋಡುವುದು ಎಐಎಫ್‌ಎಫ್ ಮತ್ತು ಎಎಫ್‌ಸಿ ಲೈಸೆನ್ಸ್‌ಗಳನ್ನು.

ಮನೆಯ ಜವಾಬ್ದಾರಿ ಹೊತ್ತ ಪದವೀಧರನಿಗೆ ನಾನು ಸೂಚಿಸುವುದು ಬಿ.ಪಿ.ಎಡ್. ಜೊತೆಗೆ ಡಿ ಲೈಸೆನ್ಸ್. ದೈಹಿಕ ಶಿಕ್ಷಕನ ಕೆಲಸ ಮಕ್ಕಳನ್ನೂ ಮೈದಾನವನ್ನೂ ಒಟ್ಟಿಗೆ ಕೊಡುತ್ತದೆ. ತರಬೇತುದಾರನಿಗೆ ಇದಕ್ಕಿಂತ ದೊಡ್ಡ ಬಂಡವಾಳವಿಲ್ಲ.

ಇದರಿಂದ ಜೀವನ ನಡೆಯುತ್ತದೆಯೇ?

ಪ್ರಾರಂಭದ ವರ್ಷಗಳಲ್ಲಿ ಇದೊಂದರಿಂದಲೇ ನಡೆಯುವುದಿಲ್ಲ. ಈ ಮಾತನ್ನು ಹೆತ್ತವರಿಗೂ ಸ್ಪಷ್ಟವಾಗಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ಮಕ್ಕಳ ಕ್ರೀಡೆಗೆ ತಿಂಗಳ ಶುಲ್ಕ ಕೊಡುವ ರೂಢಿ ಇನ್ನೂ ಬೇರೂರಿಲ್ಲ. ಮೀನುಗಾರಿಕೆಯನ್ನು ನೆಚ್ಚಿದ ಕೇರಿಗಳಲ್ಲಿ ಶುಲ್ಕ ಕೇಳಿದ ದಿನವೇ ಅರ್ಧ ಮಕ್ಕಳು ನಿಲ್ಲುತ್ತಾರೆ. ಹೀಗಾಗಿ ಒಂದು ಖಾಸಗಿ ಶಾಲೆಯಲ್ಲಿ ಸಂಬಳಕ್ಕೆ ಅರೆಕಾಲಿಕ ತರಬೇತಿ, ಕಾರವಾರ ಅಥವಾ ಶಿರಸಿ ಪೇಟೆಯಲ್ಲಿ ಶುಲ್ಕ ಕೊಡಬಲ್ಲ ಮನೆಗಳ ಮಕ್ಕಳಿಗೆ ವಾರಾಂತ್ಯದ ತರಗತಿ, ನಿಮ್ಮ ಕೇರಿಯ ಮಕ್ಕಳಿಗೆ ಉಚಿತ ತರಬೇತಿ, ಹೀಗೆ ಮೂರನ್ನೂ ಸೇರಿಸಿ ನಡೆಸುವುದು ವಾಸ್ತವಕ್ಕೆ ಹತ್ತಿರವಾದ ದಾರಿ. ಏಪ್ರಿಲ್ ಮತ್ತು ಮೇ ತಿಂಗಳ ಬೇಸಿಗೆ ಶಿಬಿರಗಳಿಂದ ಸ್ವಲ್ಪ ಹೆಚ್ಚಿನ ಆದಾಯ ಬರುತ್ತದೆ.

ಬೆಂಗಳೂರಿಗೆ ಹೋದವರಿಗೆ ಖಾಸಗಿ ಅಕಾಡೆಮಿಗಳಲ್ಲಿ ಪೂರ್ಣಕಾಲಿಕ ಕೆಲಸ ಸಿಗುವುದು ಸುಲಭ, ಆದರೆ ಅಲ್ಲಿನ ಬಾಡಿಗೆ ಮತ್ತು ಪ್ರಯಾಣದ ಖರ್ಚು ಕಳೆದ ಮೇಲೆ ಕೈಯಲ್ಲಿ ಉಳಿಯುವುದನ್ನು ಲೆಕ್ಕ ಹಾಕಿ ನೋಡಿ. ಸಿ ಲೈಸೆನ್ಸ್ ಬರುವವರೆಗೆ ಮನೆಯಲ್ಲಿದ್ದು ಕಲಿಯುವುದು ಹಣದ ದೃಷ್ಟಿಯಿಂದ ಹೆಚ್ಚು ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಗೋವಾ ಹತ್ತಿರ, ಬೆಂಗಳೂರು ದೂರ. ಕಾರವಾರದವರು ಯಾವ ಕಡೆ ನೋಡಬೇಕು?

ನೋಂದಣಿ, ಆಯ್ಕೆ, ಕೋರ್ಸು ಇವುಗಳಿಗಾಗಿ ಬೆಂಗಳೂರಿನ ಕಡೆ. ಕಣ್ಣಾರೆ ನೋಡಿ ಕಲಿಯಲು ಗೋವಾದ ಕಡೆ. ಕಾರವಾರದಿಂದ ಬೆಂಗಳೂರು 500 ಕಿಲೋಮೀಟರಿಗೂ ಹೆಚ್ಚು ದೂರ, ಮಡಗಾಂವ್ ಸುಮಾರು 70 ಕಿಲೋಮೀಟರ್. ಕೊಂಕಣ ರೈಲಿನಲ್ಲಿ ಬೆಳಿಗ್ಗೆ ಹೋಗಿ ಪಂದ್ಯ ನೋಡಿ ಅಂದೇ ಮರಳುವ ಅನುಕೂಲ ಕರ್ನಾಟಕದ ಬೇರೆ ಯಾವ ಜಿಲ್ಲೆಯ ಯುವ ತರಬೇತುದಾರನಿಗೂ ಇಷ್ಟು ಸಲೀಸಾಗಿ ಸಿಗುವುದಿಲ್ಲ. 2017ರ ಹುಡುಗರ 17 ವರ್ಷದೊಳಗಿನ ವಿಶ್ವಕಪ್ ಮತ್ತು 2022ರ ಹುಡುಗಿಯರ 17 ವರ್ಷದೊಳಗಿನ ವಿಶ್ವಕಪ್ ಪಂದ್ಯಗಳು ಮಡಗಾಂವಿನ ಫಾತೋರ್ಡಾ ಕ್ರೀಡಾಂಗಣದಲ್ಲಿ ನಡೆದವು. ಡೆಂಪೊ, ಸಾಲಗಾಂವ್ಕರ್, ಚರ್ಚಿಲ್ ಬ್ರದರ್ಸ್‌ನಂಥ ಕ್ಲಬ್ಬುಗಳು ಬೆಳೆದದ್ದು ಆ ನೆಲದಲ್ಲಿ. ಡೆಂಪೊ ತಂಡವನ್ನು 5 ಬಾರಿ ರಾಷ್ಟ್ರೀಯ ಲೀಗ್ ಚಾಂಪಿಯನ್ ಮಾಡಿದ ಅರ್ಮಾಂಡೊ ಕೊಲಾಸೊ ಅಲ್ಲಿಯವರೇ.

ಗೋವಾಕ್ಕೆ ಹೋದಾಗ ಹಿರಿಯರ ಪಂದ್ಯವನ್ನಷ್ಟೇ ನೋಡಿ ಬರಬೇಡಿ. ಮಕ್ಕಳ ಮತ್ತು ಕಿರಿಯರ ಲೀಗ್ ಪಂದ್ಯಗಳಿಗೆ ಹೋಗಿ, ತರಬೇತುದಾರರು ಪಂದ್ಯಕ್ಕೆ ಮೊದಲು ಏನು ಮಾಡಿಸುತ್ತಾರೆ, ಮಕ್ಕಳು ತಪ್ಪಿದಾಗ ಏನು ಹೇಳುತ್ತಾರೆ, ಯಾವಾಗ ಸುಮ್ಮನಿರುತ್ತಾರೆ ಎಂಬುದನ್ನು ಗಮನಿಸಿ. ಅನುಮತಿ ಕೇಳಿದರೆ ಅಭ್ಯಾಸ ನೋಡಲು ಬಿಡುವ ತರಬೇತುದಾರರು ಅಲ್ಲಿ ಸಿಗುತ್ತಾರೆ. ಕೊಂಕಣಿಯಲ್ಲಿ ಕೇಳಿದರೆ ಇನ್ನೂ ಸುಲಭ. ಬೆಂಗಳೂರಿನ ಕಡೆಗೆ ಬೆನ್ನು ಹಾಕುವುದೂ ಸರಿಯಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ತಂಡ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡಕ್ಕೆ ನಮ್ಮ ಕರಾವಳಿಯ ಹುಡುಗರು ಆಯ್ಕೆಯಾಗುವ ದಾರಿ ರಾಜ್ಯ ಸಂಸ್ಥೆಯ ಮೂಲಕವೇ ಹೋಗುತ್ತದೆ.

ಮಳೆಗಾಲದಲ್ಲಿ ತರಬೇತಿ ನಿಲ್ಲಿಸಬೇಕೇ?

ನಿಲ್ಲಿಸಬೇಡಿ, ಬದಲಾಯಿಸಿ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಶಾಲಾ ಕ್ರೀಡಾಕೂಟಗಳ ತಾಲೂಕು ಮಟ್ಟದ ಪಂದ್ಯಗಳೂ ಮಳೆ ಪೂರ್ತಿ ಬಿಡುವ ಮೊದಲೇ ಬರುತ್ತವೆ. ಹೀಗಾಗಿ ಮಳೆಯಲ್ಲಿ ಅಭ್ಯಾಸ ಬಿಟ್ಟ ತಂಡ ಸಿದ್ಧತೆಯಿಲ್ಲದೆ ಕಣಕ್ಕಿಳಿಯುತ್ತದೆ.

ಕೆಸರಿನಲ್ಲಿ ಚೆಂಡು ನಿಲ್ಲುತ್ತದೆ, ನೆಲದ ಪಾಸ್ ಸಾಗುವುದಿಲ್ಲ, ಆದ್ದರಿಂದ ಅಂಥ ದಿನಗಳಲ್ಲಿ ಚೆಂಡನ್ನು ಮೇಲಕ್ಕೆತ್ತಿ ಕೊಡುವುದು, ಎದೆ ಮತ್ತು ತೊಡೆಯಲ್ಲಿ ತಡೆಯುವುದು, ದೇಹದ ಸಮತೋಲನ ಇವುಗಳನ್ನು ಕಲಿಸಬಹುದು. ಜಡಿಮಳೆಯ ದಿನ ಶಾಲೆಯ ಸಭಾಭವನದಲ್ಲಿ ಅಥವಾ ಉದ್ದನೆಯ ಜಗಲಿಯಲ್ಲಿ ಒಬ್ಬೊಬ್ಬರಿಗೆ ಒಂದು ಚೆಂಡು ಕೊಟ್ಟು ಪಾದದ ಒಳಬದಿ, ಹೊರಬದಿ, ಅಂಗಾಲಿನಿಂದ ಚೆಂಡನ್ನು ಹಿಡಿತಕ್ಕೆ ತರುವ ಅಭ್ಯಾಸ ಮಾಡಿಸಬಹುದು. ಇಕ್ಕಟ್ಟಾದ ಜಾಗ ಇದಕ್ಕೆ ಅನುಕೂಲವೇ ಆಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿಗೆ ಹೋಗುವ ಯುವಕರು ಆ ಎರಡು ತಿಂಗಳು ಊರಿನಲ್ಲಿಯೇ ಸಿಗುತ್ತಾರೆ. ಹಿರಿಯರ ತಂಡ ಕಟ್ಟುವ ತರಬೇತುದಾರನು ಈ ಕಾಲವನ್ನು ಬಿಡಬಾರದು, ಆಗಸ್ಟ್ ಬಂದ ಮೇಲೆ ಅವರ ಸಂಜೆಗಳು ಕಡಲಿನದಾಗುತ್ತವೆ.

ಸಿಡಿಲಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ಗುಡುಗು ಕೇಳಿದ ಕೂಡಲೇ ಮಕ್ಕಳನ್ನು ಗಟ್ಟಿಯಾದ ಕಟ್ಟಡದೊಳಗೆ ಕಳಿಸಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯದೆ ಮೈದಾನಕ್ಕೆ ಇಳಿಸಬೇಡಿ. ಮುಂಗಾರಿಗೆ ಮೊದಲಿನ ಏಪ್ರಿಲ್ ಮತ್ತು ಮೇ, ಅದು ಮುಗಿಯುವಾಗಿನ ಅಕ್ಟೋಬರ್ ತಿಂಗಳ ಸಂಜೆಗಳಲ್ಲಿ ಈ ಎಚ್ಚರ ಹೆಚ್ಚು ಬೇಕು.

ಚಿಕ್ಕ ಮಕ್ಕಳಿಗೆ ಮೊದಲು ಏನನ್ನು ಕಲಿಸಬೇಕು?

ಚೆಂಡಿನೊಂದಿಗೆ ಸಲುಗೆಯನ್ನು. ಮೈದಾನದ ಸುತ್ತ ಹತ್ತು ಸುತ್ತು ಓಡಿಸಿ, ಸಾಲಿನಲ್ಲಿ ನಿಲ್ಲಿಸಿ, ಒಂದೇ ಚೆಂಡಿನಿಂದ ಒಬ್ಬೊಬ್ಬರಾಗಿ ಒದೆಯಿಸುವ ಹಳೆಯ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಇಪ್ಪತ್ತು ಮಕ್ಕಳ ಸಾಲಿನಲ್ಲಿ ನಿಂತ ಮಗುವಿಗೆ ಒಂದು ಗಂಟೆಯಲ್ಲಿ ಚೆಂಡು ಎಷ್ಟು ಬಾರಿ ಸಿಗುತ್ತದೆಂದು ಎಣಿಸಿ ನೋಡಿದರೆ ಆ ಪದ್ಧತಿಯನ್ನು ನೀವೇ ಬಿಡುತ್ತೀರಿ.

ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಸಾಧ್ಯವಾದರೆ ಒಬ್ಬರಿಗೊಂದು ಚೆಂಡು, ಅದೂ 3 ಅಥವಾ 4ನೆಯ ಅಳತೆಯದು. ದೊಡ್ಡವರ 5ನೆಯ ಅಳತೆಯ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ಅದು ಆ ಕಾಲುಗಳಿಗೆ ಹೆಚ್ಚು. ಆಟವನ್ನೂ ಚಿಕ್ಕದಾಗಿಸಿ: ಒಂದು ಕಡೆ ನಾಲ್ಕೋ ಐದೋ ಮಕ್ಕಳಿರುವ ಆಟದಿಂದ ತೊಡಗಿ, ಏಳು, ಒಂಬತ್ತು ಎಂದು ಹೆಚ್ಚಿಸುತ್ತಾ ಹದಿಮೂರರ ಸುಮಾರಿಗೆ ಹನ್ನೊಂದರ ಆಟಕ್ಕೆ ಬಂದರೆ ಸಾಕು. ಎಐಎಫ್‌ಎಫ್ ಚಿಕ್ಕ ಮಕ್ಕಳಿಗಾಗಿ ನಡೆಸುವ ಬ್ಲೂ ಕಬ್ಸ್ ಯೋಜನೆಯೂ, ಅದಕ್ಕಿಂತ ಮೊದಲಿನ ಬೇಬಿ ಲೀಗ್‌ಗಳೂ ಇದೇ ನಂಬಿಕೆಯ ಮೇಲೆ ನಿಂತಿವೆ. ಒಂದು ಗಂಟೆಯ ಅವಧಿಯಲ್ಲಿ ಹತ್ತು ನಿಮಿಷ ಚೆಂಡಿನೊಂದಿಗೇ ಮೈ ಬಿಸಿ ಮಾಡುವ ಆಟ, ಇಪ್ಪತ್ತು ನಿಮಿಷ ಅಂದಿನ ಪಾಠ, ಉಳಿದದ್ದೆಲ್ಲ ಗೋಲು ಇಟ್ಟು ಆಡುವ ನಿಜವಾದ ಆಟ. ಹದಿಹರೆಯದವರಿಗೆ ಫಿಫಾ 11+ ಎಂಬ ಸುಮಾರು 20 ನಿಮಿಷಗಳ, 15 ವ್ಯಾಯಾಮಗಳ ಕ್ರಮವನ್ನು ರೂಢಿ ಮಾಡಿಸಿ. ಅದನ್ನು ತಪ್ಪದೆ ಮಾಡುವ ತಂಡಗಳಲ್ಲಿ ಗಾಯಗಳು ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಚಿರೇಕಲ್ಲಿನ ಗಟ್ಟಿ ನೆಲದಲ್ಲಿ ಆಡುವ ನಮ್ಮ ಮಕ್ಕಳ ಮೊಣಕಾಲುಗಳಿಗೆ ಇದು ಬೇಕೇಬೇಕು.

ಗೆಲುವಿನ ಬಗ್ಗೆ ಒಂದು ಮಾತು. ಹತ್ತು ವರ್ಷದ ಮಕ್ಕಳ ಪಂದ್ಯ ಗೆಲ್ಲಲು ಎತ್ತರದ ಹುಡುಗನನ್ನು ಮುಂದೆ ನಿಲ್ಲಿಸಿ ಉದ್ದಕ್ಕೆ ಚೆಂಡು ಒದೆಯಿಸಿದರೆ ಸಾಕು, ಕಪ್ ಬರುತ್ತದೆ. ಆದರೆ ಎಲ್ಲರೂ ಎತ್ತರವಾಗುವ ಹದಿನಾರನೆಯ ವಯಸ್ಸಿನಲ್ಲಿ ಆ ಹುಡುಗನಿಗೆ ಚೆಂಡನ್ನು ಹಿಡಿತದಲ್ಲಿಡಲು ಬರುವುದಿಲ್ಲ, ಸಣ್ಣ ಮೈಕಟ್ಟಿನ ಚುರುಕಾದ ಹುಡುಗ ಅಷ್ಟರಲ್ಲಿ ಆಟ ಬಿಟ್ಟಿರುತ್ತಾನೆ. ಎಲ್ಲರಿಗೂ ಸಮನಾಗಿ ಆಡುವ ಅವಕಾಶ ಕೊಡಿ. ಯುವ ತರಬೇತುದಾರನ ಹೆಸರು ಕಪ್‌ಗಳಿಂದ ಬೆಳೆಯುತ್ತದೆ ಎಂಬ ಒತ್ತಡಕ್ಕೆ ಮಣಿಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಶಿರಸಿ, ಯಲ್ಲಾಪುರ, ಸಿದ್ದಾಪುರದ ಕಡೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಬಿಟ್ಟರೆ ಫುಟ್‌ಬಾಲ್ ಆಡುವವರೇ ಕಡಿಮೆ. ಅಲ್ಲಿ ಇದಕ್ಕೆ ಭವಿಷ್ಯವಿದೆಯೇ?

ಘಟ್ಟದ ಮೇಲೆ ಫುಟ್‌ಬಾಲ್ ಇಲ್ಲವೆನ್ನುವುದು ಪೂರ್ತಿ ಸರಿಯಲ್ಲ. ಮುಂಡಗೋಡದಲ್ಲಿ 1966ರಿಂದ ಇರುವ ಟಿಬೆಟಿಯನ್ ನೆಲೆಯಲ್ಲಿ ಈ ಆಟ ಬಹಳ ಪ್ರಿಯವಾದದ್ದು. ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಮಕ್ಕಳ ಓಟ ಮತ್ತು ಕಸುವನ್ನು ಗುರುತಿಸಿ 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅಥ್ಲೆಟಿಕ್ಸ್ ತರಬೇತಿಗೆ ಆರಿಸಿಕೊಂಡಿತ್ತು. ಅವರೊಂದಿಗೆ ವರ್ಷಗಟ್ಟಲೆ ಉಳಿಯುವ ಫುಟ್‌ಬಾಲ್ ತರಬೇತುದಾರರು ಈಗಲೂ ಬೇಕಾಗಿದ್ದಾರೆ.

ನಮ್ಮ ಜಿಲ್ಲೆ ಶಾಲಾ ಶಿಕ್ಷಣದ ಆಡಳಿತದಲ್ಲಿ ಕಾರವಾರ ಮತ್ತು ಶಿರಸಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ಹಂಚಿಹೋಗಿದೆ. ಶಿರಸಿಯ ಕಡೆ ತಂಡಗಳು ಕಡಿಮೆ ಎಂಬುದನ್ನೇ ಅವಕಾಶವೆಂದು ನೋಡಬಹುದು: ಎರಡು ವರ್ಷ ಶ್ರದ್ಧೆಯಿಂದ ಕಟ್ಟಿದ ಒಂದು ಶಾಲಾ ತಂಡ ಅಲ್ಲಿಂದ ಮೇಲಿನ ಹಂತಕ್ಕೆ ಹೋಗುವ ಸಾಧ್ಯತೆ ಕರಾವಳಿಗಿಂತ ಹೆಚ್ಚು. ಮೈದಾನದ ವೇಳಾಪಟ್ಟಿಯನ್ನು ಮಾತ್ರ ಊರಿನ ಬದುಕಿಗೆ ಹೊಂದಿಸಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಯ ಕಾಲದಲ್ಲಿ, ಅಡಿಕೆ ಕೊಯ್ಲಿನ ದಿನಗಳಲ್ಲಿ ಮಕ್ಕಳ ಹಾಜರಾತಿ ಇಳಿಯುತ್ತದೆ. ಅದಕ್ಕೆ ಸಿಡುಕುವುದರಿಂದ ಪ್ರಯೋಜನವಿಲ್ಲ. ಭತ್ತದ ಕೊಯ್ಲಾದ ಮೇಲೆ ಗದ್ದೆಬಯಲು ಸಿಗುವ ಹಳ್ಳಿಗಳಲ್ಲಿ ಮಾಲೀಕರನ್ನು ಕೇಳಿ ಅದನ್ನೇ ಮೈದಾನ ಮಾಡಿಕೊಳ್ಳಬಹುದು.

ಹೆಣ್ಣುಮಕ್ಕಳು ಈ ವೃತ್ತಿಗೆ ಬರಬಹುದೇ?

ಬರಬೇಕು, ಏಕೆಂದರೆ ಅವರ ಕೊರತೆ ದೊಡ್ಡದು. ಗೋವಾದ ಮೇಮೊಲ್ ರಾಕಿ ಅವರು 2017ರಿಂದ 2021ರವರೆಗೆ ಭಾರತದ ಮಹಿಳಾ ತಂಡದ ಮುಖ್ಯ ತರಬೇತುದಾರರಾಗಿದ್ದರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರೇ. ಎಐಎಫ್‌ಎಫ್ ಮಹಿಳೆಯರಿಗಾಗಿಯೇ ಪ್ರತ್ಯೇಕ ಲೈಸೆನ್ಸ್ ಕೋರ್ಸುಗಳನ್ನೂ ನಡೆಸಿದೆ. ಸುಬ್ರೊತೊ ಕಪ್ ಶಾಲಾ ಪಂದ್ಯಾವಳಿಯಲ್ಲಿ ಹುಡುಗಿಯರ ವಿಭಾಗವಿದೆ, ಆದರೆ ತಂಡ ಕಟ್ಟುವವರಿಲ್ಲದೆ ನಮ್ಮ ಅನೇಕ ಶಾಲೆಗಳು ಅದಕ್ಕೆ ಹೋಗುವುದಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಹುಡುಗಿಯನ್ನು ಸಂಜೆ ಆರರ ನಂತರ ಮೈದಾನದಲ್ಲಿ ಬಿಡಲು ಹಿಂಜರಿಯುತ್ತಾರೆ, ತರಬೇತಿ ಕೊಡುವವರು ಅಕ್ಕೋರು ಎಂದು ತಿಳಿದರೆ ಆ ಹಿಂಜರಿಕೆ ಬಹಳ ಮಟ್ಟಿಗೆ ಕರಗುತ್ತದೆ. ಶಾಲೆಯ ಅವಧಿ ಮುಗಿದ ಕೂಡಲೇ, ಶಾಲೆಯ ಆವರಣದಲ್ಲಿಯೇ, ಬಸ್ಸಿನ ಹೊತ್ತಿಗೆ ಮುಗಿಯುವಂತೆ ಅಭ್ಯಾಸ ಇಟ್ಟುಕೊಳ್ಳಿ. ಬಟ್ಟೆ ಬದಲಿಸಲು ಕೋಣೆ ಮತ್ತು ಶೌಚಾಲಯ ಇರುವುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಎಷ್ಟೋ ಹುಡುಗಿಯರು ಆಟ ಬಿಡುವುದು ಆಟ ಬೇಡವಾಗಿ ಅಲ್ಲ, ಈ ಎರಡು ಇಲ್ಲದೆ.

ಕಡಲತೀರದ ಮರಳಿನಲ್ಲಿ ತರಬೇತಿ ಕೊಡಬಹುದೇ?

ಕೊಡಬಹುದು. ಮರಳು ಕಾಲಿನ ಸ್ನಾಯುಗಳನ್ನು ಬಲಪಡಿಸುತ್ತದೆ, ಬಿದ್ದರೆ ಪೆಟ್ಟಾಗುವುದು ಕಡಿಮೆ. ಆದರೆ ಸಡಿಲ ಮರಳಿನಲ್ಲಿ ಹೆಚ್ಚು ಹೊತ್ತು ಓಡಿಸಿದರೆ ಹಿಮ್ಮಡಿಯ ನರಕ್ಕೆ ನೋವಾಗುತ್ತದೆ, ಆದ್ದರಿಂದ ಇಳಿತದ ಹೊತ್ತಿನ ಒದ್ದೆ ಗಟ್ಟಿ ಮರಳನ್ನು ಆರಿಸಿಕೊಳ್ಳಿ. ಬೀಚ್ ಸಾಕರ್ ಎಂಬುದು ತನ್ನದೇ ನಿಯಮಗಳುಳ್ಳ ಪ್ರತ್ಯೇಕ ಆಟ: ಒಂದು ತಂಡಕ್ಕೆ ಐವರು, ಬರಿಗಾಲಿನ ಆಟ, 12 ನಿಮಿಷಗಳ ಮೂರು ಅವಧಿಗಳು. ಇದರ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ 2023ರಲ್ಲಿ ಸೂರತ್‌ನಲ್ಲಿ ನಡೆದು ಕೇರಳ ಗೆದ್ದಿತು. ಕಾರವಾರದ ಟಾಗೋರ್ ಕಡಲತೀರವನ್ನು ಮನೆಯಂಗಳದಂತೆ ಬಳಸುವ ನಮ್ಮ ಹುಡುಗರು ಈ ಆಟದಲ್ಲಿ ರಾಜ್ಯವನ್ನು ಪ್ರತಿನಿಧಿಸಬಲ್ಲರೆಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಏನೇನು ತಿಳಿದಿರಬೇಕು?

ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಒಂಟಿಯಾಗಿ ವಾಹನದಲ್ಲಿ ಕರೆದೊಯ್ಯಬಾರದು, ಖಾಸಗಿ ಸಂದೇಶಗಳ ಬದಲು ಹೆತ್ತವರೂ ಇರುವ ಗುಂಪಿನಲ್ಲಿಯೇ ಸೂಚನೆ ಕೊಡಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಊರಿನ ಮರ್ಯಾದೆ, ಸಂಸ್ಥೆಯ ಹೆಸರು ಎಂದು ಮುಚ್ಚಿಡುವುದು ಅಪರಾಧ. ಹೊಡೆಯುವುದು, ಹೀಯಾಳಿಸುವುದು ತರಬೇತಿಯ ಭಾಗವಲ್ಲ.

ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ, ಉಸಿರು ಕೊಡುವ ತುರ್ತು ಕ್ರಮ) ಕಲಿತಿರಬೇಕು. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗುವನ್ನು ಅದೇ ದಿನ ಮತ್ತೆ ಆಡಿಸಬಾರದು. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಆದ್ದರಿಂದ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಕುಡಿಸಿ.

ಮುಖ್ಯ ತರಬೇತುದಾರ ಅಲ್ಲದೆ ಬೇರೆ ದಾರಿಗಳಿವೆಯೇ?

ಇವೆ. ಗೋಲ್‌ಕೀಪರ್ ತರಬೇತಿ, ಫಿಟ್‌ನೆಸ್ ತರಬೇತಿ ಮತ್ತು ಫುಟ್ಸಾಲ್‌ಗೆ (ಒಳಾಂಗಣದಲ್ಲಿ ತಂಡಕ್ಕೆ ಐವರು ಆಡುವ ಫುಟ್‌ಬಾಲ್) ಪ್ರತ್ಯೇಕ ಲೈಸೆನ್ಸ್‌ಗಳಿವೆ. ಗೋಲ್‌ಕೀಪರ್ ಆಗಿ ಆಡಿದವರಿಗೆ ಮೊದಲನೆಯದು ಒಳ್ಳೆಯ ಆಯ್ಕೆ, ಏಕೆಂದರೆ ಅಂಥವರು ಎಲ್ಲ ಕಡೆಯೂ ಕಡಿಮೆ. ರೆಫರಿಯಾಗುವುದು, ಪಂದ್ಯಗಳ ವಿಡಿಯೊ ವಿಶ್ಲೇಷಣೆ ಮಾಡುವುದು ಕೂಡ ಇದೇ ಆಟದೊಳಗಿನ ಕೆಲಸಗಳು.

ಮೇಲಿನ ಮಟ್ಟ ತಲುಪಲು ಎಷ್ಟು ವರ್ಷ ಬೇಕು?

ಇಪ್ಪತ್ತರ ವಯಸ್ಸಿನಲ್ಲಿ ಡಿ ಲೈಸೆನ್ಸ್ ಪಡೆದವರು ಎಡೆಬಿಡದೆ ದುಡಿದರೂ ಎ ಲೈಸೆನ್ಸ್ ತಲುಪುವಾಗ ಮೂವತ್ತರ ಆಸುಪಾಸಿನಲ್ಲಿರುತ್ತಾರೆಂದು ಭಾವಿಸಿ ಯೋಜನೆ ಹಾಕಿಕೊಳ್ಳುವುದು ಒಳ್ಳೆಯದು. ಖಾಲಿದ್ ಜಮೀಲ್ ಅವರು 2016-17ರಲ್ಲಿ ಪುಟ್ಟ ರಾಜ್ಯವಾದ ಮಿಜೋರಾಂನ ಐಜಾಲ್ ತಂಡವನ್ನು ಆಗಿನ ಅಗ್ರ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನ ಚಾಂಪಿಯನ್ ಮಾಡಿದರು. ಭಾರತ ತಂಡದ ಮುಖ್ಯ ತರಬೇತುದಾರರಾದದ್ದು 2025ರಲ್ಲಿ. ಐ-ಲೀಗ್ ಗೆದ್ದ ತರಬೇತುದಾರರೇ ಅಷ್ಟು ಕಾಯಬೇಕಾಯಿತು. ಸಿ ಲೈಸೆನ್ಸ್ ಹಿಡಿದು ಜಿಲ್ಲೆಯಲ್ಲಿಯೇ ನೆಲೆಸಿ, ಹತ್ತು ಹದಿನೈದು ವರ್ಷ ಮಕ್ಕಳನ್ನು ಬೆಳೆಸುವುದನ್ನೇ ವೃತ್ತಿಯಾಗಿ ಆರಿಸಿಕೊಂಡವರನ್ನು ಮೇಲೇರದೆ ಉಳಿದವರೆಂದು ಯಾರೂ ಭಾವಿಸಬಾರದು. ಇಂದು ನಮ್ಮ ಕರಾವಳಿಗೆ ಹೆಚ್ಚು ಬೇಕಾಗಿರುವವರು ಅವರೇ.

ನಾನು ಬೆಳೆಸಿದ ಒಳ್ಳೆಯ ಹುಡುಗನನ್ನು ದೊಡ್ಡ ಅಕಾಡೆಮಿ ಕರೆಯುತ್ತಿದೆ. ಕಳಿಸಬೇಕೇ?

ಅಲ್ಲಿ ಶಾಲೆ, ಊಟ, ವಸತಿ ಹೇಗಿದೆ, ತರಬೇತುದಾರರ ಲೈಸೆನ್ಸ್ ಯಾವುದು, ಆ ಅಕಾಡೆಮಿಗೆ ಎಐಎಫ್‌ಎಫ್ ಮಾನ್ಯತೆ ಇದೆಯೇ ಎಂಬುದನ್ನು ಹೆತ್ತವರೊಂದಿಗೆ ಹೋಗಿ ನೋಡಿ, ಸರಿಯೆನಿಸಿದರೆ ಕಳಿಸಿ. ಆಯ್ಕೆ ಮಾಡಿಸುತ್ತೇವೆಂದು ಮುಂಗಡ ಹಣ ಕೇಳುವವರ ಬಳಿ ಕಳಿಸಬೇಡಿ.

ಹುಡುಗ ಹೋಗುವ ಮೊದಲೇ ಮಾಡಿರಬೇಕಾದ ಒಂದು ಕೆಲಸವಿದೆ. ನಿಮ್ಮ ತಂಡವನ್ನು ಕ್ಲಬ್ ಆಗಿ ನೋಂದಾಯಿಸಿ, ಕೆಎಸ್‌ಎಫ್‌ಎಗೆ ಸೇರಿಸಿ, ಮಕ್ಕಳನ್ನು 12ನೆಯ ವಯಸ್ಸಿನಿಂದಲೇ ಎಐಎಫ್‌ಎಫ್‌ನ ಕೇಂದ್ರ ನೋಂದಣಿ ವ್ಯವಸ್ಥೆಯಲ್ಲಿ ನಿಮ್ಮ ಕ್ಲಬ್ಬಿನ ಹೆಸರಿನಲ್ಲಿ ದಾಖಲಿಸಿ. ಫಿಫಾದ ನಿಯಮದಂತೆ, ಆಟಗಾರನೊಬ್ಬ ಒಪ್ಪಂದ ಮುಗಿಯುವ ಮೊದಲೇ ಹಣಕ್ಕೆ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗವಾದಾಗ ಆ ಮೊತ್ತದ 5 ಶೇಕಡಾ ಭಾಗವನ್ನು, ಅವನು 12ರಿಂದ 23ನೆಯ ವಯಸ್ಸಿನವರೆಗೆ ನೋಂದಾಯಿತನಾಗಿದ್ದ ಕ್ಲಬ್ಬುಗಳಿಗೆ ಹಂಚಬೇಕು. ನಾಲ್ಕು ಮೊದಲ ವರ್ಷಗಳಿಗೆ ವರ್ಷಕ್ಕೆ 0.25 ಶೇಕಡಾ, 16ರಿಂದ ಮುಂದಿನ ವರ್ಷಗಳಿಗೆ 0.5 ಶೇಕಡಾ. ಅಂಥ ದಿನ ಬರುವುದು ಅಪರೂಪವಾದರೂ, ದಾಖಲೆಯಿಲ್ಲದ ಕ್ಲಬ್ಬಿಗೆ ಅದು ಬಂದರೂ ಏನೂ ಸಿಗುವುದಿಲ್ಲ. ಜನನ ಪ್ರಮಾಣಪತ್ರದ ಪ್ರತಿ, ಭಾವಚಿತ್ರ, ಹೆತ್ತವರ ಸಹಿ ಇವಿಷ್ಟನ್ನು ಪ್ರತಿ ಮಗುವಿಗೂ ಒಂದು ಕಡತದಲ್ಲಿ ಇಟ್ಟುಕೊಂಡು, ನೋಂದಣಿಯ ಅವಧಿ ತೆರೆದ ಮೊದಲ ವಾರದಲ್ಲಿಯೇ ಈ ಕೆಲಸ ಮುಗಿಸಿ.